ಇಂಗ್ಲಿಷಿನಲ್ಲಿ ಅಜ್ಜಿ ಅನ್ನೋಳು ಒಬ್ಬಳೇ

ಯಾರದು ಈ ಕಾಗದ ಬಿಚ್ಚಿದ್ದು? ಮೇಲೆ ಇನ್ನೊಬ್ಬರ ಹೆಸರು ಬರೆದಿದ್ದರೂ ಮೂಗು ತೂರಿಸಲೇಬೇಕಾ? ಇದು ನನ್ನ ಸೊಸೆಯ ಅವ್ವನಿಗೆ, ಕೊಣನೂರಿನ ಜಯಮ್ಮನಿಗೆ ನಾನು ಬರೀತಿರೋದು. ಆಯಮ್ಮ ಹೋದ ವರ್ಷವೇ ತೀರಿಕೊಂಡರು ಅಂತ ನನಗೂ ಗೊತ್ತು, ನೀವು ಬಂದು ಹೇಳಬೇಕಾಗಿಲ್ಲ. ಸತ್ತೋರಿಗೆ ಕಾಗದ ಬರೆಯೋ ಮುದುಕಿಗೆ ತಲೆ ಕೆಟ್ಟಿದೆ ಅನ್ನೋರು ಇಲ್ಲೇ ಮಡಚಿಟ್ಟು ಎದ್ದು ಹೋಗಿ. ಓದಲೇಬೇಕು ಅಂತಿದ್ದರೆ ಬಾಯಿ ಮುಚ್ಚಿಕೊಂಡು ಓದಿ.

ಬೀಗ್ತಿ ಜಯಮ್ಮಕ್ಕನವರೇ,

ಮೊದಲು ಕ್ಷೇಮ ಬರೀಬೇಕು ಅಂತ ನಾಲ್ಕನೇ ಕ್ಲಾಸಿನ ಮೇಷ್ಟ್ರು ಕಲಿಸಿದ್ದರು. ನಿಮಗೆ ಇನ್ನೇನು ಆಗೋದಿದೆ, ನೀವು ಕ್ಷೇಮವಾಗೇ ಇರ್ತೀರಿ. ನಾನು ಮಾತ್ರ ಕ್ಷೇಮವಿಲ್ಲ. ಹೊಟ್ಟೆ ಉರೀತಿದೆ. ಗ್ಯಾಸಲ್ಲ. ನಿಮ್ಮಿಂದ.

ಜೂನ್ ತಿಂಗಳಲ್ಲಿ ನಮ್ಮ ಸಿಂಚನ ದಪ್ಪನೆಯ ಫೈಲೊಂದನ್ನ ಎದೆಗೆ ಅವಚಿಕೊಂಡು ಸ್ಕೂಲಿಂದ ಬಂದಳು. ಈಗವಳು ಒಂಬತ್ತನೇ ಕ್ಲಾಸು. "ಅಜ್ಜಿ, ಇಂಗ್ಲಿಷ್ ಮೇಡಂ ಪೋರ್ಟ್‌ಫೋಲಿಯೋ ಮಾಡೋಕೆ ಹೇಳವ್ರೆ" ಅಂದಳು. "ಯಾವ ಖಾತೆ ಕೊಟ್ರೇ? ಕಂದಾಯಾನಾ, ಲೋಕೋಪಯೋಗೀನಾ?" ಅಂದೆ. ಮಂತ್ರಿಗಳ ಊರಾದ ಹೊಳೆನರಸೀಪುರದಲ್ಲಿ ಇರೋರಿಗೆ ಆ ಪದ ಕೇಳಿದರೆ ಬೇರೇನು ನೆನಪಾಗುತ್ತೆ, ನೀವೇ ಹೇಳಿ? ಅದಲ್ಲವಂತೆ. ತನ್ನ ಬದುಕಿನಲ್ಲಿ ನಡೆದದ್ದನ್ನ ಇಂಗ್ಲಿಷಿನಲ್ಲಿ ಬರೀಬೇಕಂತೆ. ಕೆಳಗೆ, ಆವಾಗ ಏನನ್ನಿಸಿತು, ಈಗ ಏನನ್ನಿಸುತ್ತೆ ಅಂತಾನೂ ಬರೀಬೇಕಂತೆ. ಗೀಚಿ ಹೊಡೆದುಹಾಕಿದ ಹಾಳೇನೂ ಎಸೆಯೋ ಹಾಗಿಲ್ಲ, ನೀಟಾಗಿ ಬರೆದದ್ದರ ಹಿಂದೆ ಅದನ್ನೂ ಸೇರಿಸಿ ಕೊಡಬೇಕಂತೆ. ನಾವು ತಪ್ಪು ಬರೆದರೆ ಎಂಜಲು ಹಚ್ಚಿ ಸ್ಲೇಟು ಒರೆಸ್ತಿದ್ವಿ. ಈಗ ತಪ್ಪಿಗೂ ಮಾರ್ಕ್ಸು.

ಅವಳು ಬರೆದದ್ದನ್ನ ಕನ್ನಡ ಮಾಡಿ ಓದಿ ಹೇಳಿದ ದಿನ ನಾನು ಅವರೆಕಾಯಿ ಸುಲೀತಾ ಕೂತಿದ್ದೆ. "ನನ್ನ ಅಜ್ಜಿ ತುಂಬ ಮೆಲ್ಲಗೆ ಮಾತಾಡುತ್ತಿದ್ದರು" ಅಂತ ಶುರುವಾಯ್ತು. ಕೈ ನಿಂತಿತು. ಮೆಲ್ಲಗೆ? ನಾನಾ? ಪ್ರೀತಿಗೆ ಒಂದು ಸುಳ್ಳು ಬರೆದುಕೊಂಡಿದ್ದಾಳೆ, ಇರಲಿ ಅಂತ ಖುಷಿಯಾಗೇ ಕಿವಿಗೊಟ್ಟೆ. "ಅಕ್ಕಿರೊಟ್ಟಿಯಲ್ಲಿ ಎಣ್ಣೆ ಬಿಡುವ ತೂತುಗಳನ್ನೇ ಜೋಡಿಸಿ ನನ್ನ ಹೆಸರಿನ ಮೊದಲ ಅಕ್ಷರ ಮಾಡುತ್ತಿದ್ದರು" ಅಂತ ಬಂತು ನೋಡಿ, ಅದು ಯಾರ ಬೆರಳು ಅಂತ ಗೊತ್ತಾಗಿಹೋಯ್ತು. ಮುಂದಿನ ಹಾಳೆಯಲ್ಲೂ ನೀವೇ. ನಿಮ್ಮೂರ ಕಾವೇರಿಗೆ ಕಾಲಿಡೋ ಮೊದಲು ಚಪ್ಪಲಿ ಬಿಟ್ಟು, "ಬತ್ತೀನಿ ಕಣವ್ವ" ಅಂತ ನೀರಿಗೆ ಹೇಳ್ತಿದ್ದಿರಂತೆ. ಕಾವೇರಿಯಂತೆ ಕಾವೇರಿ! ಹುಟ್ಟಿದಾಗಿಂದ ಹೇಮಾವತಿ ನೀರು ಕುಡಿದ ಹುಡುಗಿ ಬರೆದ ಮಾತಾ ಇದು? ನಮ್ಮ ಹೊಳೇಲಿ ಹರಿಯೋದೇನು, ಮಜ್ಜಿಗೇನಾ?

ಪ್ರತಿ ರಜಕ್ಕೂ ನಿಮ್ಮೂರಿಗೆ ಹೋಗೋಕೆ ಅರಕಲಗೂಡು ಬಸ್ಸಿಗೆ ಅವಳನ್ನ ಹತ್ತಿಸಿ, ಕಿಟಕಿಯಲ್ಲಿ ಬಾಳೆಹಣ್ಣು ಕೊಟ್ಟು ಕಳಿಸ್ತಿದ್ದೋಳು ನಾನು. ಅತ್ತ ಇಳಿಸಿಕೊಂಡು ಮುದ್ದು ಮಾಡ್ತಿದ್ದೋರು ನೀವು. ಹೇನು ತೆಗೆದದ್ದು ಇಲ್ಲಿ, ಹೂ ಮುಡಿಸಿದ್ದು ಅಲ್ಲಿ. ಜ್ವರ ಬಂದರೆ ಇಲ್ಲಿ, ನಕ್ಕರೆ ಅಲ್ಲಿ. ದಿನಾ ಕಣ್ಣೆದುರಿಗೆ ಇರೋಳನ್ನ ಯಾಕೆ ಬರೀತಾರೆ ಹೇಳಿ? ರಜದಲ್ಲಿ ಸಿಗೋ ಅಜ್ಜಿ ಆಗಿಬಿಟ್ಟಿದ್ದರೆ ನಾನೂ ಒಂದು ಅಕ್ಷರ ಅಲ್ಲ, ರೊಟ್ಟಿ ತುಂಬ ಕಾಗುಣಿತ... ಬಿಡಿ. ಅವತ್ತು ನಾನು ಮುಖ ಊದಿಸಿಕೊಂಡದ್ದು ನೋಡಿ ನಿಮ್ಮ ಮಗಳು, "ಅತ್ತೆ, ಸತ್ತೋರ ಮೇಲೂ ಹೊಟ್ಟೆಕಿಚ್ಚಾ?" ಅಂದಳು. "ಬದುಕಿದ್ದಾಗಲೇ ಇತ್ತು ಕಣವ್ವ, ಅವರು ಸತ್ತರು ಅಂತ ನಾನ್ಯಾಕೆ ಬಿಡ್ಲಿ?" ಅಂದೆ. ನಕ್ಕಳು. ಆಮೇಲೆ ಒಳಗೆ ಹೋಗಿ ಮೂಗು ಒರೆಸಿಕೊಂಡಳು. ಅದು ನನಗೆ ಕಾಣಿಸಲಿಲ್ಲ ಅಂದುಕೊಂಡಿದ್ದಾಳೆ.

ಮಕ್ಕಳ ನಿಶ್ಚಿತಾರ್ಥದ ದಿನ ಮೊದಲ ಸಲ ನಿಮ್ಮ ಪಕ್ಕ ಕೂತದ್ದು ನೆನಪಿದೆಯಾ? ನೀವು ಏನು ಹೇಳಿದರೂ ನನಗೆ ಕೇಳಿಸದೆ ಪ್ರತಿ ಮಾತಿಗೂ ಬಗ್ಗಬೇಕಾಯ್ತು. ಎರಡೂ ಕಡೆಯ ನೆಂಟರು, "ಬೀಗ್ತಿ ಎಷ್ಟು ಸಾಧು" ಅಂತ ನಿಮ್ಮನ್ನ ಹೊಗಳಿದ್ದೇ ಹೊಗಳಿದ್ದು. ನನ್ನ ಬಗ್ಗೆ, "ಮಾತು ಒರಟು, ಮನಸ್ಸು ಒಳ್ಳೇದು" ಅಂದರು. ಮನಸ್ಸು ಯಾರು ಬಗೆದು ನೋಡಿದ್ದಾರೆ? ಬೈಯೋಕೆ ಇನ್ನೊಂದು ದಾರಿ ಅಷ್ಟೇ ಅದು.

ಹೋದ ತಿಂಗಳು ಒಂದು ಸಂಜೆ ಸಿಂಚನ ಫೈಲಿಂದ ಒಂದು ಹಾಳೆ ಕೀಳ್ತಿದ್ದಳು. ಮುಖ ಸಣ್ಣಗಾಗಿತ್ತು.

"ಯಾಕೆ ಕೀಳ್ತಿದೀಯೇ?"

"ಇದು ಹೊಂದಲ್ವಂತೆ. ಮೇಡಂ ತೆಗಿ ಅಂದ್ರು."

"ಏನೈತೆ ಅದ್ರಾಗೆ?"

ಹಾಳೆಯನ್ನ ಬೆನ್ನ ಹಿಂದೆ ಮರೆಮಾಡಿದಳು. ಆಮೇಲೆ, "ನೀನಿದೀಯ ಅಜ್ಜಿ" ಅಂದಳು.

ಓದಿಸಿದೆ. ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡು. ಯಾರದೋ ಮದುವೆ ಮುಗಿಸಿ ವಾಪಸು ಬರೋವಾಗ ಈ ಹುಡುಗಿ ಬಾಟಲಿಗೆ ನೀರು ತುಂಬಿಸೋಕೆ ಇಳಿದಿದ್ದಳು, ಡ್ರೈವರು ಬಸ್ಸು ಎತ್ತೇ ಬಿಟ್ಟ. ನಾನು ಕೂಗಿ ನಿಲ್ಲಿಸಿ, ಇಳಿದು, ಬಸ್ಸಿನ ಮೂತಿಗೆ ಮೂತಿ ಕೊಟ್ಟು ನಿಂತೆ. "ನನ್ ಮೊಮ್ಮಗಳು ಬಸ್ ಅತ್ತೋಗಂಟ ನಿನ್ ಚಕ್ರ ಒಂದ್ ಸುತ್ತು ತಿರುಗ್ಲಿ, ನೋಡ್ತೀನಿ ಕಣ್ಲಾ!" ಅಂದೆ. ಅವನು "ಆಯ್ತು ತಾಯಿ, ಆಯ್ತು" ಅಂತ ಇಂಜಿನ್ನೇ ಆರಿಸಿದ. ಇಷ್ಟನ್ನೂ ಬರೆದಿದ್ದಾಳೆ. ಕೆಳಗೆ ಬರೆದದ್ದನ್ನ ಅವಳು ತಲೆ ಎತ್ತದೆ ಓದಿದಳು: "ಆವಾಗ ಬಸ್ಸು ಹತ್ತಿದವಳೇ ನಾಚಿಕೆಯಿಂದ ಸೀಟಿನ ಕೆಳಗೆ ಬಗ್ಗಿ ಕೂತಿದ್ದೆ. ಈಗ ಕ್ಲಾಸಿನಲ್ಲಿ ಎದ್ದು ನಿಂತು ಕೇಳಬೇಕಾದ್ದನ್ನು ಕೇಳೋಕೆ ಹೋದಾಗ ಗಂಟಲು ಕಟ್ಟುತ್ತದೆ. ನನ್ನ ಅಜ್ಜಿಯ ಗಂಟಲು ನನಗೆ ಬೇಕು ಅನ್ನಿಸುತ್ತದೆ."

ಪಕ್ಕದಲ್ಲಿ ಮೇಡಂ ಕೆಂಪು ಶಾಯೀಲಿ ಬರೆದಿದ್ದರು. ಉಳಿದ ಹಾಳೆಗಳಲ್ಲೆಲ್ಲ ನಿನ್ನ ಅಜ್ಜಿ ಇಷ್ಟು ಮೃದು, ಇಲ್ಲಿ ಯಾಕೆ ಹೀಗೆ ಕಿರುಚುತ್ತಾರೆ, ಸರಿಮಾಡು ಅಥವಾ ತೆಗೆ, ಅಂತ. ನೋಡಿದಿರಾ ಅಕ್ಕ? ಎಲ್ಲ ಹಾಳೇಲೂ "ಗ್ರಾಂಡ್‌ಮದರ್" ಅಂತಲೇ ಬರೆದಿದ್ದಾಳೆ ಹುಡುಗಿ. ಆ ಒಂದು ಪದದೊಳಗೆ ನಾವಿಬ್ಬರೂ ಸೇರಿ ಒಬ್ಬಳಾಗಿಬಿಟ್ಟಿದ್ದೀವಿ. ಹಾಗೆ ಒಬ್ಬಳಾದಾಗ ಉಳಿದೋರು ನೀವು. ಹೊರಗೆ ಬಿದ್ದೋಳು ನಾನು, ಇರೋ ಒಂದೇ ಒಂದು ಹಾಳೆ ಸಮೇತ.

ಮಾರನೇ ದಿನ ಸೀರೆ ಬದಲಾಯಿಸಿಕೊಂಡು ಸ್ಕೂಲಿಗೆ ಹೋದೆ. ಸಿಂಚನ ದಾರಿ ಪೂರ್ತಿ "ಅಜ್ಜಿ, ಮೆಲ್ಲಗೆ ಮಾತಾಡು, ನಿನ್ ಕಾಲಿಗೆ ಬೀಳ್ತೀನಿ" ಅಂತ ಗೋಗರೆದಳು. ಮೇಡಂ ಚಿಕ್ಕ ವಯಸ್ಸಿನೋರು, ನಗುಮುಖ. ನಮಸ್ಕಾರ ಮಾಡಿ, "ರೊಟ್ಟೀಲಿ ಅಕ್ಷರ ಬರೆಯೋ ಅಜ್ಜಿ ನೀವೇನಾ?" ಅಂದರು. ಅಕ್ಕ, ಆ ಕ್ಷಣ ನನ್ನ ಮೈಯೆಲ್ಲ ಉರೀತು.

"ಅಲ್ಲ ತಾಯಿ, ಅದು ಸತ್ತೋದೋರು. ನಾನು ಬಸ್ ನಿಲ್ಸಿದೋಳು!"

ಪಕ್ಕದ ಕ್ಲಾಸಿನ ಮಕ್ಕಳು ಕಿಟಕಿಗೆ ಬಂದವು.

"ಇಬ್ಬರಾ?" ಅಂದರು ಮೇಡಂ.

"ಇನ್ನೇನು ಮತ್ತೆ? ಅವಳವ್ವನಿಗೆ ಒಬ್ಬಳು ತಾಯಿ, ಅವಳಪ್ಪನಿಗೆ ಒಬ್ಬಳು ತಾಯಿ. ನಿಮ್ ಇಂಗ್ಲಿಷ್ನೋರು ಇಬ್ಬರ್ನೂ ಒಂದೇ ಚೀಲಕ್ಕೆ ಆಕಿ ಬಾಯಿ ಒಲ್ದವ್ರೆ. ಅದಕ್ಕೆ ನಾನು ಓಗಬೇಕಾ ಆಚೆಗೆ?"

ಮೇಡಂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕರು. "ನಾನು ಒಬ್ಬರೇ ಅಜ್ಜಿಯನ್ನ ನೋಡಿ ಬೆಳೆದೋಳು. ಇನ್ನೊಬ್ಬರು ಇರ್ತಾರೆ ಅಂತ ಹೊಳೀಲೇ ಇಲ್ಲ" ಅಂದರು. ತಂದೆ ಕಡೆ, ತಾಯಿ ಕಡೆ ಅಂತ ಹೇಳೋಕೆ ಇಂಗ್ಲಿಷಿನಲ್ಲೂ ಪದ ಇದೆಯಂತೆ, ಕೋರ್ಟು ಕಾಗದದಲ್ಲಿ ಬರೋ ಥರದ್ದು. ಸಿಂಚನ ಬೇಡ ಅಂದಳು. ನಿಮ್ಮ ಹಾಳೆಗಳಲ್ಲೆಲ್ಲ ಗ್ರಾಂಡ್‌ಮದರ್ ಹೊಡೆದುಹಾಕಿ "ಕೊಣನೂರಜ್ಜಿ" ಅಂತ ಬರೆದಳು. ನನ್ನ ಹಾಳೇಲಿ ಬರೀ "ಅಜ್ಜಿ". ಕೇಳಿಸಿತಾ? ನಿಮಗೆ ಊರು ಹಚ್ಚಬೇಕಾಯ್ತು, ನನಗೆ ಯಾವ ಊರೂ ಬೇಕಾಗಲಿಲ್ಲ. ಅವತ್ತು ನಾನು ಚೆನ್ನಾಗಿ ಊಟ ಮಾಡಿದೆ.

ಆದರೆ ಆ ಖುಷಿ ಎಷ್ಟು ದಿನ? ಮೊನ್ನೆ ಅವಳು ಪೆನ್ನು ಹಿಡಿದು ನನ್ನ ಮುಂದೆ ಬಂದು ಕೂತಳು. ಫೈಲಿಗೆ ಕೊನೆಯದಾಗಿ ನಮ್ಮಿಬ್ಬರ ಬಗ್ಗೆಯೂ ಸೇರಿಸಿ ಒಂದು ಬರಿ ಅಂದಿದ್ದಾರಂತೆ ಮೇಡಂ. ನಾನು ಸೆರಗು ಸರಿಮಾಡಿಕೊಂಡೆ. ಅವಳು ಕೇಳಿದ್ದೇನು ಗೊತ್ತಾ? "ಅಜ್ಜಿ, ಕೊಣನೂರಜ್ಜಿ ಯಾವತ್ತಾದ್ರೂ ಜೋರಾಗಿ ಮಾತಾಡಿದ್ರಾ?"

ನಾನು ಹಾಲು ಉಕ್ಕುತ್ತೆ ಅಂತ ಎದ್ದು ಹೋದೆ. ಒಲೆ ಮೇಲೆ ಹಾಲೇ ಇರಲಿಲ್ಲ.

ನಮ್ಮ ಮಕ್ಕಳ ಮದುವೆ ದಿನ ಛತ್ರದ ಹಿಂದೆ ನೀವು ಅಡುಗೆಯವನನ್ನ ತರಾಟೆಗೆ ತಗೊಂಡದ್ದನ್ನ ನಾನು ಕೈ ತೊಳೆಯೋಕೆ ಬಂದಾಗ ಕೇಳಿಸಿಕೊಂಡಿದ್ದೀನಿ. ಅವನು ನನ್ನ ಬಗ್ಗೆ, "ಗಂಡಿನ ತಾಯಿ ಬಜಾರಿ" ಅಂದಿದ್ದ. ಅಬ್ಬಾ, ಎಂಥ ಗಂಟಲು ಅಕ್ಕ ಅದು! "ಅವ್ರು ನಮ್ ಬೀಗ್ತಿ ಕಣ್ಲಾ, ಇನ್ನೊಂದು ಮಾತಾಡಿದ್ರೆ ಸೌಟು ಮುರೀತದೆ" ಅಂದಿರಿ. ನನಗಿಂತ ಜೋರು. ಒಳಗೆ ಬಂದು ಮತ್ತೆ ಪಿಸುಗುಟ್ಟೋಕೆ ಶುರುಮಾಡಿದಿರಿ. ನಾನು ಕೇಳಿಸಿಕೊಂಡೆ ಅಂತ ನಿಮಗೆ ಇವತ್ತಿನವರೆಗೂ ಗೊತ್ತಿಲ್ಲ.

ಈಗ ಹೇಳಿ, ನಾನೇನು ಮಾಡಲಿ? ರೊಟ್ಟಿ ನಿಮ್ಮದು, ಹೊಳೆ ನಿಮ್ಮದು, ಹೂವು ನಿಮ್ಮದು. ಆ ಫೈಲಿನಲ್ಲಿ ನನ್ನದು ಅಂತ ಇರೋದು ಒಂದು ಗಂಟಲು. ಇದನ್ನ ಹೇಳಿದರೆ ಅದೂ ಅರ್ಧ ನಿಮ್ಮ ಪಾಲಿಗೆ ಹೋಗುತ್ತೆ. ಹೇಳದಿದ್ದರೆ ನೀವು ಬರೀ ಸಾಧು ಹಸುವಾಗಿ ಉಳೀತೀರಿ, ನನ್ನ ಪರವಾಗಿ ಒಬ್ಬರು ಕೂಗಿದ್ದರು ಅನ್ನೋದು ಯಾರಿಗೂ... ಹುಡುಗಿ ದಿನಾ ಕೇಳ್ತಿದ್ದಾಳೆ. ದಿನಾ ಹಾಲು ಉಕ್ಕಿಸೋಕೆ ನನ್ನಿಂದಾಗಲ್ಲ. ಮುಂದಿನ ತಿಂಗಳು ಫೈಲು ಒಪ್ಪಿಸಬೇಕಂತೆ. ಹೇಳಲಾ, ಬೇಡವಾ, ಆ ತಿಂಗಳು ಹುಟ್ಟೋದ್ರೊಳಗೆ ಉತ್ತರ ಬರೀರಿ.