ಶಂಕ್ರಪ್ಪನವರ ಹಿತ್ತಿಲು

ಯಲ್ಲಾಪುರ
ಸೋಮವಾರ, ೧೫ ಜನವರಿ ೧೯೬೨

ಅವ್ವಾ,

ನಿನ್ನ ಪಾದ ಮುಟ್ಟಿ ಅನ್ನಪೂರ್ಣೆಯ ಶರಣು. ನಾವು ಮೂವರೂ ಆರಾಮವಾಗಿದ್ದೇವೆ ಎಂದು ಬರೆದರೆ ಅರ್ಧ ನಿಜ. ಮೈ ಆರಾಮ, ಮನಸ್ಸಿನ ಮಾತು ಬೇರೆ. ಇದನ್ನು ಅಪ್ಪನಿಗೆ ಓದಿ ಹೇಳಬೇಡ.

ನಿನ್ನ ಅಳಿಯ ಮನೆ ಕೊಳ್ಳಲು ಹೊರಟಿದ್ದಾರೆ. ಊರಿನ ಪಡುವಣಕ್ಕೆ ಗುಡ್ಡದ ಮೈಯಲ್ಲಿ ಹತ್ತು ಹನ್ನೆರಡು ಮನೆಗಳ ಓಣಿಯಿದೆ, ಅದರ ಕೊನೆಯ ಮನೆ. ಶಂಕ್ರಪ್ಪ ಎನ್ನುವ ಹಿರಿಯರದು. ಹೆಂಡತಿ ತೀರಿಕೊಂಡ ಮೇಲೆ ಹಾವೇರಿಯ ಮಗಳ ಹತ್ತಿರ ಹೋಗಬೇಕೆಂದು ಮಾರುತ್ತಿದ್ದಾರೆ. ನನ್ನನ್ನು ಒಂದು ಮಾತು ಕೇಳದೆ ಇವರು ಸಂಚಕಾರ ಕೊಟ್ಟು, ಮಾತು ಮುಗಿಸಿ ಬಂದು, “ನಾಳೆ ಮನಿ ನೋಡಾಕ ಹೋಗೂಣು” ಎಂದರು. ಮುಂಗಡ ಕೊಟ್ಟ ಮೇಲೆ ನೋಡುವುದು ಯಾವ ಪದ್ಧತಿ ಎಂದು ಕೇಳಿದೆ. ನಕ್ಕರು. ಆ ನಗು ನನಗೆ ಸರಿ ಬರಲಿಲ್ಲ.

ಈಗಿನ ಬಾಡಿಗೆ ಮನೆ ನಿನಗೆ ಗೊತ್ತು. ಕಟ್ಟಿಗೆ ಡಿಪೋದ ಎದುರಿಗೇ ಇದೆ, ಇವರು ಎಲೆ ಬಾಯಿಗೆ ಹಾಕಿಕೊಂಡು ಹೊರಟರೆ ಅಗಿಯುವುದರೊಳಗೆ ತಮ್ಮ ಕಾರಕೂನಿಕೆಯ ಕುರ್ಚಿಯಲ್ಲಿರುತ್ತಾರೆ. ಬಾವಿ ಹಿತ್ತಿಲಲ್ಲೇ ಇದೆ. ಆ ಗುಡ್ಡದ ಮನೆಗೆ ಬಾವಿಯಿಲ್ಲ. ಓಣಿಯ ಬುಡದಿಂದ ಕೊಡ ಹೊತ್ತು ಎಪ್ಪತ್ತೆರಡು ಮೆಟ್ಟಿಲು ಹತ್ತಬೇಕು. ನಡುಮನೆಯ ತೊಲೆಗೆ ಗೆದ್ದಲು. ಕಂಡವರ ಮನೆಯ ಕಂಬವನ್ನೂ ತಟ್ಟಿ ನೋಡಿ ಇದು ತೇಗ, ಇದು ಮತ್ತಿ ಎಂದು ಹೇಳುವ ಮನುಷ್ಯ ತಲೆಯೆತ್ತಿ ಸಹ ನೋಡಲಿಲ್ಲ. ಚಪ್ಪಲಿ ಬಿಟ್ಟವರೇ ನೇರ ಹಿತ್ತಿಲಿಗೆ ನಡೆದರು.

ಹಿತ್ತಿಲಿನ ಅಂಚಿಗೆ ನೆಲ ಕಡಿದು ಇಳಿಯುತ್ತದೆ. ಕೆಳಗೆ ಕಣಿವೆ. ಎರಡೂ ಕಡೆ ಕಾಡು, ನಡುವೆ ಅಂಗೈಯಗಲ ಗದ್ದೆ, ಐದಾರು ಹುಲ್ಲಿನ ಮನೆ. ನೋಡಲು ಚೆಂದ, ಸುಳ್ಳು ಹೇಳಲಾರೆ. ಆದರೆ ಚೆಂದಕ್ಕಾಗಿ ಮನೆ ಕೊಳ್ಳುವವರಲ್ಲ ಇವರು. ಮದುವೆಯಾದ ಏಳು ವರ್ಷದಲ್ಲಿ ಚಂದ್ರನ ಕಡೆ ಬೆರಳು ಮಾಡಿ ತೋರಿಸಿದರೂ “ಹೂಂ” ಎಂದವರು.

ನಾನು ಅಡುಗೆಮನೆ ನೋಡುತ್ತಿದ್ದಾಗ ಶಂಕ್ರಪ್ಪನವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: “ನಿಮ್ಮ ಯಜಮಾನ್ರು ಇಲ್ಲಿಗೆ ಹೊಸಬರಲ್ಲ ಬಿಡ್ರಿ ತಂಗೀ. ನಾಕು ವರ್ಸ ಆತು, ಒಂದು ರವಿವಾರ ತಪ್ಪಿಸಿಲ್ಲ. ಹಿತ್ತಲದಾಗ ನಿಂತು ಕೆಳಗ ನೋಡ್ತಾರ, ಚಾ ಕುಡೀತಾರ, ಹೋಗ್ತಾರ.”

ಅವ್ವಾ, ನಾಲ್ಕು ವರ್ಷದಿಂದ ರವಿವಾರ ಮಧ್ಯಾಹ್ನ ಡಿಪೋದಲ್ಲಿ ಲಾರಿ ತುಂಬಿಸುವುದಿದೆ ಎಂದು ನನಗೆ ಹೇಳಿ ಹೋಗುತ್ತಿದ್ದಾರೆ!

ನಾನು ಸದ್ದು ಮಾಡದೆ ಇವರ ಹಿಂದೆ ಹೋಗಿ ನಿಂತೆ. ಇವರು ನಿಂತ ಜಾಗದಿಂದ ಒಂದೇ ಮನೆಯ ಅಂಗಳ ಪೂರ್ತಿ ಕಾಣುತ್ತದೆ. ಅಲ್ಲಿ ಯಾರೋ ಕೆಂಪು ಸೀರೆಯುಟ್ಟವಳು ಚಾಪೆಯ ಮೇಲೆ ಏನನ್ನೋ ಹರವುತ್ತಿದ್ದಳು. ಮುಖ ಕಾಣಲಿಲ್ಲ, ವಯಸ್ಸೂ ತಿಳಿಯಲಿಲ್ಲ. ಹೆಂಗಸೆಂಬುದು ಮಾತ್ರ ಖರೆ. ನನ್ನನ್ನು ಕಂಡದ್ದೇ ಇವರು ಮುಖ ತಿರುಗಿಸಿ, ಗಾಳಿ ಎಷ್ಟು ತಂಪು ನೋಡು ಎಂದರು.

ಸಂಚಕಾರ ಹೋದರೆ ಹೋಗಲಿ, ಈ ಮನೆ ಬೇಡ ಎನ್ನಲೇ? ನೀನೇ ಹುಡುಕಿ ತಂದ ಅಳಿಯ. ನೀನೇ ಹೇಳು.

ನಿನ್ನ
ಅನ್ನಪೂರ್ಣಾ

ತಾ.ಕ.: ನಿನ್ನೆ ಇವರು ಸ್ನಾನಕ್ಕೆ ಹೋದಾಗ ಅಂಗಿಯ ಜೇಬು ತಡಕಿದೆ. ಎಲೆಯಡಿಕೆ ಬಿಟ್ಟರೆ ಏನೂ ಇರಲಿಲ್ಲ. ಬರೆಯಲು ನಾಚಿಕೆಯಾಗುತ್ತದೆ.


ಬನವಾಸಿ
೨೨ ಜನವರಿ ೧೯೬೨

ತಂಗೀ ಅನ್ನಪೂರ್ಣಾ,

ನಿನಗೆ, ಅಳಿಯಂದಿರಿಗೆ, ಶಾಂತಾಗೆ ಈ ತಾಯಿಯ ಹರಕೆ. ನಾಲ್ಕನೆಯ ಇಯತ್ತೆ ಓದಿದವಳ ಅಕ್ಷರ, ಸಮಾಧಾನದಿಂದ ಓದು.

ಅಳಿಯಂದಿರ ಮೇಲೆ ಸಂಶಯ ಪಡಬೇಡ. ಅವರು ಅಂಥವರಲ್ಲ. ಬೇರೆ ಹೆಂಗಸಿನ ಸುದ್ದಿ ತಲೆಯಿಂದ ತೆಗೆದುಹಾಕು. ಆದರೆ ಆ ಮನೆ ಬೇಡ. ನೀರಿಲ್ಲದ ಮನೆಯಲ್ಲಿ ಸಂಸಾರ ಹೇಗೆ ಮಾಡುತ್ತೀ? ಹಿತ್ತಿಲು ಕಡಿದು ಇಳಿದಿದೆ ಎನ್ನುತ್ತೀ, ಹುಡುಗಿ ಆಡುತ್ತ ಹೋಗಿ ಬಿದ್ದಾಳು. ಪಡುವಣಕ್ಕೆ ಇಳಿಜಾರಾದ ಜಾಗ ನಮ್ಮ ಮನೆತನಕ್ಕೆ ಆಗಿಬಂದಿಲ್ಲ. ಗೆದ್ದಲು ಬೇರೆ. ಸಂಚಕಾರ ಹೋದರೆ ನಾನು ತುಂಬಿ ಕೊಡುತ್ತೇನೆ. ಹೇಗಾದರೂ ಮಾಡಿ ಬಿಡಿಸು. ಊಟ ಬಿಡು, ಅಳು, ತವರಿಗೆ ಹೋಗುತ್ತೇನೆ ಎನ್ನು.

ಇನ್ನೊಂದು ಮಾತು. ಹೊಳೆ ದಾಟಿ ಆ ಮನೆಗಳ ಕಡೆ ಕಾಲಿಡಬೇಡ. ಅಲ್ಲಿಯವರು ಯಾರಾದರೂ ಮಾತಾಡಿಸಿದರೆ ಹೂಂ ಎನ್ನಬೇಡ. ಯಾಕೆ ಎಂದು ಕೇಳಬೇಡ.

ಪಾರ್ವತವ್ವ

ತಾ.ಕ.: ಓದಿದ ಮೇಲೆ ಇದನ್ನು ಒಲೆಗೆ ಹಾಕು. ಅಳಿಯಂದಿರ ಕಣ್ಣಿಗೆ ಬೀಳಬಾರದು.


ಯಲ್ಲಾಪುರ
೧೨ ಫೆಬ್ರುವರಿ ೧೯೬೨

ಅವ್ವಾ,

ಶರಣು. ನಿನ್ನ ಪತ್ರವನ್ನು ಒಲೆಗೆ ಹಾಕಲಿಲ್ಲ. ಅಕ್ಕಿಯ ಡಬ್ಬಿಯಲ್ಲಿಟ್ಟು ಏಳೆಂಟು ಸಲ ತೆಗೆದು ಓದಿದೆ.

ಹೊಳೆ ದಾಟಬೇಡ ಎಂದು ಬರೆದಿದ್ದೀ. ನನ್ನ ಪತ್ರದಲ್ಲಿ ಹೊಳೆಯ ಮಾತೇ ಇರಲಿಲ್ಲ. ಇದೆಯೆಂದು ನನಗೂ ಗೊತ್ತಿರಲಿಲ್ಲ, ಮೇಲಿನಿಂದ ನೋಡಿದರೆ ಬಿದಿರ ಮೆಳೆ ಅದನ್ನು ಮುಚ್ಚಿಬಿಟ್ಟಿದೆ. ನೀನು ಯಲ್ಲಾಪುರಕ್ಕೆ ಬಂದದ್ದು ಒಂದೇ ಸಲ, ಹೆರಿಗೆಗೆ ನನ್ನನ್ನು ಕರೆದೊಯ್ಯಲು. ಒಂದು ರಾತ್ರಿ ಇದ್ದು ಹೋದಿ. ಹಾಗಾದರೆ ಅಲ್ಲಿ ಹೊಳೆಯಿದೆಯೆಂದು ನಿನಗೆ ಹೇಳಿದವರು ಯಾರು? ಅಲ್ಲಿಯವರೆಗೆ ಗಂಡನೊಬ್ಬರ ಮೇಲೆ ಇದ್ದ ಸಂಶಯ ಅವತ್ತಿನಿಂದ ನಿನ್ನ ಮೇಲೂ ಬಂತು.

ಹೋದ ಮಂಗಳವಾರ ಶಾಂತಾಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಬಾಳೆ ಎಲೆ ತರುವ ನೆಪ ಮಾಡಿ ಇಳಿದೆ. ಹೊಳೆಯಲ್ಲಿ ಮೊಣಕಾಲುದ್ದ ನೀರು. ಆ ಅಂಗಳದಲ್ಲಿ ವಯಸ್ಸಾದ ಗಂಡಸೊಬ್ಬರು ಬುಟ್ಟಿ ಹೆಣೆಯಲು ಬಿದಿರು ಸೀಳುತ್ತಿದ್ದರು. ಕೆರಿಯಪ್ಪ ಎಂದು ಹೆಸರು. ನಾನು ಎಲೆ ಕೇಳಿದೆ. ಅವರು ಕತ್ತಿ ಹಿಡಿದುಕೊಂಡೇ ಎದ್ದು ನಿಂತರು.

“ಯಾರ ಕಡೇರು ನೀವು? ಜಂಗಲ್ ಖಾತೆಯೋರು ಈಗ ಹೆಂಗಸ್ರನ್ನೂ ಕಳಸಾಕೆ ಸುರು ಮಾಡಿದ್ರ?”

ನನಗೆ ತಲೆಬುಡ ತಿಳಿಯಲಿಲ್ಲ. ನಾಲ್ಕು ವರ್ಷದಿಂದ ಪ್ರತಿ ರವಿವಾರ ಗುಡ್ಡದ ಮೇಲೆ ಒಬ್ಬ ನಿಂತು ತಮ್ಮ ಮನೆಯನ್ನೇ ನೋಡುತ್ತಾನಂತೆ. ಕಾಡಿನ ಅಂಚಿಗೆ ಇವರು ಒಂದಿಷ್ಟು ನೆಲ ಬಿಡಿಸಿ ಗದ್ದೆ ಮಾಡಿಕೊಂಡಿದ್ದಾರೆ, ಅದನ್ನು ಬರೆದುಕೊಳ್ಳಲು ಸರಕಾರದವರು ಕೂಡಿಸಿದ ಮನುಷ್ಯ ಅವನೆಂದು ಆ ಕೇರಿಯವರೆಲ್ಲ ನಂಬಿದ್ದಾರೆ. ನಾನು ಇವರನ್ನು ಸಂಶಯದಿಂದ ನೋಡುತ್ತಿದ್ದ ಹೊತ್ತಿಗೆ ಅವರೂ ಇವರನ್ನು ಸಂಶಯದಿಂದ ನೋಡುತ್ತಿದ್ದರು.

ಅಷ್ಟರಲ್ಲಿ ಒಳಗಿನಿಂದ ಆಕೆ ಬಂದರು. ಅದೇ ಕೆಂಪು ಸೀರೆ. ಹರೆಯದವಳಲ್ಲ, ನಿನ್ನ ವಯಸ್ಸು. ಎಡಗಾಲು ಎಳೆದು ನಡೆಯುತ್ತಾರೆ. ಹಣೆಯ ಮೇಲೆ ಮೂರು ಬೆರಳ ವಿಭೂತಿ, ಕೊರಳಲ್ಲಿ ಬಟ್ಟೆಯಲ್ಲಿ ಕಟ್ಟಿದ ಲಿಂಗ. ಆ ಕೇರಿಯಲ್ಲಿ ಇನ್ನಾರ ಕೊರಳಲ್ಲೂ ಲಿಂಗವಿಲ್ಲ. ನನ್ನನ್ನು ದಿಟ್ಟಿಸಿ ನೋಡಿದರು. ಆಮೇಲೆ ನಾನು ಕನಸಿನಲ್ಲೂ ಎಣಿಸದ ಮಾತು ಕೇಳಿದರು:

“ನೀ ಪಾರ್ವತಿ ಮಗಳೇನು? ಗದ್ದ ಅಕೀದs ಐತಿ.”

ಗಂಡನ ಗುಟ್ಟು ಹುಡುಕಿಕೊಂಡು ಹೋದವಳಿಗೆ ಅಲ್ಲಿ ಕೇಳಿಸಿದ್ದು ತಾಯಿಯ ಹೆಸರು. ನೀವು ಯಾರು ಎಂದೆ. “ಗಿರಿಜವ್ವ” ಎಂದರು.

ಅವ್ವಾ, ಗಿರಿಜವ್ವ ನನ್ನ ಅತ್ತೆಯ ಹೆಸರು. ಮದುವೆಗೆ ಮೊದಲು ನೀನೇ ಹೇಳಿದ್ದಿ, ಹುಡುಗನ ಅಪ್ಪ ಬಸಪ್ಪನವರು ಹೋದ ಎರಡು ವರ್ಷಕ್ಕೆ ತಾಯಿಯೂ ಚಳಿಜ್ವರದಲ್ಲಿ ಹೋದರು, ಹಾನಗಲ್ಲಿನ ದೊಡ್ಡಪ್ಪ ಸಾಕಿದರು ಎಂದು. ಮಗಳನ್ನು ತೊಟ್ಟಿಲಿಗೆ ಹಾಕುವಾಗ ಸತ್ತ ಅಜ್ಜಿಯ ಹೆಸರಿಡೋಣ ಎಂದರೆ ಇವರು ಆಗದು ಎಂದು ಹಠ ಹಿಡಿದು ಶಾಂತಾ ಎಂದು ಕರೆದರು. ಅವತ್ತು ನನಗೆ ಸಿಟ್ಟು ಬಂದಿತ್ತು. ಬದುಕಿರುವ ಹಿರಿಯರ ಹೆಸರನ್ನು ಮಗುವಿಗೆ ಯಾರಿಡುತ್ತಾರೆ?

ಜಗಲಿಯ ಮೇಲೆ ಕುಳಿತೆ. ಕುಡಿಯಲು ಮಜ್ಜಿಗೆ ಕೊಟ್ಟರು. ಕುಡಿದೆ. ಆಕೆಯೇ ಹೇಳಿದರು. ವಿಧವೆಯಾಗಿ ಮಗನನ್ನು ಕರೆದುಕೊಂಡು ತವರಿನಲ್ಲಿದ್ದದ್ದು, ಅಲ್ಲಿಗೆ ಗದ್ದೆ ಕೆಲಸಕ್ಕೆ ಬಂದ ಕೆರಿಯಪ್ಪನವರ ಜೊತೆ ಹೊರಟು ಬಂದದ್ದು, ತವರಿನವರು ಆಕೆಯ ಸೀರೆಯೊಂದನ್ನು ಮಣ್ಣುಮಾಡಿ ಸತ್ತಳೆಂದು ಸಾರಿದ್ದು. ನೀನು, ಆಕೆ ನಿನ್ನ ತವರೂರಿನ ಒಂದೇ ಓಣಿಯಲ್ಲಿ ಆಡಿ ಬೆಳೆದವರಂತೆ. ನನ್ನ ಮದುವೆಗೆ ಮೊದಲು ಆಕೆ ಗುಟ್ಟಾಗಿ ಬನವಾಸಿಗೆ ಬಂದು, ನನ್ನ ಮಗನಿಗೆ ನಿನ್ನ ಮಗಳನ್ನು ಕೊಡು ಎಂದು ನಿನ್ನ ಸೆರಗು ಹಿಡಿದರಂತೆ. ನೀನು ಒಪ್ಪಿ, ಇನ್ನು ಮಗನಿಗಾಗಲಿ ಸೊಸೆಗಾಗಲಿ ಮುಖ ತೋರಿಸುವುದಿಲ್ಲ ಎಂದು ಲಿಂಗ ಮುಟ್ಟಿಸಿ ಆಣೆ ಹಾಕಿಸಿದೆಯಂತೆ. ಹೊಳೆಯ ಸುದ್ದಿ ನಿನಗೆ ಅವತ್ತೇ ಗೊತ್ತಾದದ್ದು.

ಗುಡ್ಡದ ಮೇಲೆ ನಿಲ್ಲುವವರು ಯಾರೆಂದು ಗೊತ್ತೇ ಎಂದು ಕೇಳಿದೆ.

“ಜಂಗಲ್ ಖಾತೆಯವ ಅಲ್ಲ ಅಂತ ಮೊದಲ ದಿನಾನ ಗೊತ್ತಾತು. ಹಂಗ ಸೊಂಟದ ಮ್ಯಾಲೆ ಕೈ ಇಟ್ಟು ನಿಲ್ಲೂದು ಅವನ ಅಪ್ಪಂದು. ನಾ ಯಾರಿಗೂ ಹೇಳಿಲ್ಲ.”

ಕೆರಿಯಪ್ಪ ಕತ್ತಿ ಕೆಳಗಿಟ್ಟರು. ಅವರಿಗೂ ತಿಳಿದದ್ದು ಆಗಲೇ.

ಇನ್ನೊಂದು ಪ್ರಶ್ನೆ ಉಳಿದಿತ್ತು. ಏಳು ವರ್ಷದ ಮಗನನ್ನು ಹೇಗೆ ಬಿಟ್ಟು ಬಂದಿರಿ ಎಂದೆ. ಎದ್ದು ಒಳಗೆ ಹೋದರು. ಬಾಳೆ ಎಲೆಯ ಕಟ್ಟು ಹಿಡಿದು ಬಂದು, ಹೊತ್ತಾಯಿತು ಹೊರಡು ಎಂದರು.

ಆ ಸಂಜೆ ಇವರಿಗೆ ರೊಟ್ಟಿ ಬಡಿಸಿ, ನಾನು ಹೊಳೆ ದಾಟಿ ಬಂದೆ ಎಂದಷ್ಟೇ ಹೇಳಿದೆ. ಮುರಿದ ತುತ್ತು ತಟ್ಟೆಯಲ್ಲೇ ಉಳಿಯಿತು. ಬೈಯುತ್ತಾರೆ ಎಂದುಕೊಂಡೆ. ಇವರು ಕೇಳಿದ್ದು ಇಷ್ಟು: “ದೀಪಾವಳಿಯಿಂದ ಕುಂಟತಾಳ. ಕಾಲಿಗೆ ಏನಾಗೈತಿ?”

ನನಗೆ ಕೇಳಲು ಹೊಳೆದಿರಲಿಲ್ಲ. ಕೇಳದೆ ಬಂದದ್ದಕ್ಕೆ ನಾಚಿಕೆಯಾಯಿತು.

ದೊಡ್ಡಪ್ಪ ಸಾಯುವ ಮುಂಚೆ ಇವರ ಕಿವಿಯಲ್ಲಿ ನಿಜ ಹೇಳಿದ್ದರಂತೆ. ಇವರು ಹುಡುಕಿದರು, ಕಂಡುಹಿಡಿದರು, ಇಳಿದು ಹೋಗಲು ಮಾತ್ರ ಧೈರ್ಯ ಬರಲಿಲ್ಲ. ಬಿಟ್ಟು ಹೋದವಳು ಬೇಡ ಎಂದರೆ ಎಂಬ ಭಯ. ಶಂಕ್ರಪ್ಪನವರು ಮನೆಯನ್ನು ಬೇರೆಯವರಿಗೆ ಕೊಟ್ಟರೆ ಆ ಹಿತ್ತಿಲಿಗೆ ಹೋಗುವಂತಿಲ್ಲವಲ್ಲ, ಅದಕ್ಕೇ ಅವಸರದ ಸಂಚಕಾರ. ನನಗೆ ಹೇಳಿದರೆ ನಿನಗೆ ಹೇಳುತ್ತೇನೆ, ನೀನು ನನ್ನನ್ನು ತವರಿಗೆ ಕರೆಸಿಕೊಳ್ಳುತ್ತೀ ಎಂದು ಹೆದರಿದ್ದರಂತೆ. ನಿನಗೆ ಮೊದಲೇ ಎಲ್ಲ ಗೊತ್ತಿತ್ತೆಂದಾಗ ತಟ್ಟೆ ಸರಿಸಿ ಎದ್ದರು.

ಮೊನ್ನೆ ಶುಕ್ರವಾರ ಖರೀದಿ ಪತ್ರ ರಜಿಸ್ಟರ್ ಆಯಿತು. ಬೇಡ ಎನ್ನಲಿಲ್ಲ ನಾನು. ನಿನ್ನೆ ಇವರು ಹೊಳೆಯವರೆಗೆ ಹೋಗಿ, ದಾಟದೆ ತಿರುಗಿ ಬಂದರು. ಆಕೆ ಕರೆದರೆ ಹೋಗುತ್ತೇನೆ ಎನ್ನುತ್ತಾರೆ. ಆಕೆ ಆಣೆಯಿದೆ ಎನ್ನುತ್ತಾರೆ. ಮಾರ್ಚ್ ಹನ್ನೆರಡು, ಸೋಮವಾರ, ಹೊಸ ಮನೆ ಹೊಗುವ ದಿನ. ಆಣೆ ಹಾಕಿಸಿದವಳು ನೀನು, ನೀನೇ ಬಂದು ಬಿಡಿಸು.

ಅನ್ನಪೂರ್ಣಾ

ತಾ.ಕ.: ಆಕೆ ನಿನ್ನ ಮೇಲೆ ಒಂದು ಕೆಟ್ಟ ಮಾತು ಆಡಲಿಲ್ಲ. ನಿನ್ನ ಹೆಸರು ಬಂದಾಗಲೆಲ್ಲ ನೆಲ ನೋಡಿದರು. ಇನ್ನೂ ಏನೋ ಇದೆ ಎಂದು ನನ್ನ ಮನಸ್ಸು ಹೇಳುತ್ತದೆ.


ಬನವಾಸಿ
೧೯ ಫೆಬ್ರುವರಿ ೧೯೬೨

ಮಗಳೇ,

ನಿನ್ನ ಪತ್ರವನ್ನು ಗುಡಿಯ ಕಟ್ಟೆಯ ಮೇಲೆ ಕುಳಿತು ಓದಿದೆ, ಮನೆಯಲ್ಲಿ ಓದಲು ಆಗಲಿಲ್ಲ.

ಹೌದು, ನಾನು ಸುಳ್ಳು ಹೇಳಿದೆ. ನಿನ್ನ ಕೆಳಗೆ ತಂಗಿಯಿದ್ದಳು, ತಮ್ಮನಿದ್ದನು. ಓಡಿಹೋದವಳ ಮಗನಿಗೆ ಹೆಣ್ಣು ಕೊಟ್ಟರೆಂದು ತಿಳಿದಿದ್ದರೆ ನಮ್ಮ ಮನೆಯ ನೀರನ್ನು ಯಾರೂ ಮುಟ್ಟುತ್ತಿರಲಿಲ್ಲ. ಅದಕ್ಕೇ ಆಣೆ ಹಾಕಿಸಿದೆ. ಹುಡುಗ ಬಂಗಾರದಂಥವನು, ಅದರಲ್ಲಿ ನಿನಗೆ ಮೋಸ ಮಾಡಲಿಲ್ಲ. ನಿನ್ನ ಅಪ್ಪನಿಗೆ ಮೊನ್ನೆ ಎಲ್ಲ ಹೇಳಿದೆ. ಎರಡು ದಿನದಿಂದ ನನ್ನ ಕೈಯ ಅನ್ನ ಉಣ್ಣುತ್ತಿಲ್ಲ. ಉಣ್ಣುತ್ತಾರೆ, ಬಿಡು.

ಮಾರ್ಚ್ ಹತ್ತರ ಶನಿವಾರ ಬರುತ್ತೇನೆ. ರವಿವಾರ ನನ್ನನ್ನು ಹೊಳೆಯ ಆಚೆ ಕರೆದುಕೊಂಡು ಹೋಗು. ಗಿರಿಜೆಯ ಲಿಂಗ ಮುಟ್ಟಿ ಆಣೆ ಬಿಡಿಸುತ್ತೇನೆ. ಅವಳ ಕಾಲು ತೊಳೆದು ಒಳಗೆ ಕರೆದುಕೊಳ್ಳುವುದು ನಿಮ್ಮ ಕೆಲಸ.

ನಿನ್ನ ತಾಯಿ
ಪಾರ್ವತವ್ವ

ತಾ.ಕ.: ಪತ್ರ ಮಡಚಿದವಳು ಮತ್ತೆ ಬಿಚ್ಚಿದೆ. ಮಗನನ್ನು ಹೇಗೆ ಬಿಟ್ಟು ಬಂದಿರಿ ಎಂದು ಅವಳನ್ನು ಕೇಳಿದಿಯಂತೆ. ಅವಳು ಬಿಡಲಿಲ್ಲ. ಅವಳು ಮುಂದೆ ಹೋಗುವುದು, ನಾನು ಹುಡುಗನನ್ನು ಕರೆದುಕೊಂಡು ಕೆರೆಯ ದಂಡೆಗೆ ಬರುವುದು ಎಂದು ಮಾತಾಗಿತ್ತು. ಮಗ ಊರಲ್ಲೇ ಉಳಿದರೆ ಮನಸ್ಸು ತಿರುಗಿ ಬಂದಾಳು ಎಂದುಕೊಂಡು, ನಾನು ಅವನಿಗೆ ಬೆಲ್ಲ ಕೊಟ್ಟು ನನ್ನ ತವರುಮನೆಯ ಕಣಜದ ಕೋಣೆಯಲ್ಲಿ ಕೂಡಿಸಿದೆ. ಅವಳು ಮಧ್ಯಾಹ್ನದವರೆಗೆ ಕಾದಳಂತೆ. ಅಷ್ಟರಲ್ಲಿ ಅವಳ ಅಣ್ಣಂದಿರು ಬಡಿಗೆ ಹಿಡಿದು ಹುಡುಕಲು ಹೊರಟಿದ್ದರು. ಇಪ್ಪತ್ತೇಳು ವರ್ಷವಾಯಿತು, ಅವಳು ಯಾರ ಮುಂದೆಯೂ ನನ್ನ ಹೆಸರು ಹೇಳಿಲ್ಲ. ಅವಳು ಬೇಡಿದಳೆಂದಷ್ಟೇ ನಿನ್ನನ್ನು ಆ ಮನೆಗೆ ಕೊಟ್ಟವಳಲ್ಲ ನಾನು. ಇದನ್ನು ಅಳಿಯಂದಿರಿಗೆ ನೀನೇ ಓದಿ ಹೇಳು. ಬರಬೇಡ ಎಂದರೆ ಒಂದು ಕಾರ್ಡು ಬರೆ. ಬಸ್ಸು ಹತ್ತುವುದಿಲ್ಲ.