ಎರಡನೆಯ ಗಾಡಿಯ ಪ್ಲಾಸ್ಟಿಕ್ ಹಾಸನ್ನು ಹರಾಜಿಗೆ ಮೊದಲು ಕತ್ತರಿಸಿ

ಸರ್ಕಾರಿ ವಾಹನಗಳನ್ನು ವಿಲೇವಾರಿ ಮಾಡುವ ಮಾನ್ಯ ಅಧಿಕಾರಿಗಳೇ,

ತಮ್ಮ ಕಚೇರಿ ಕುಮಟಾದ ಹರಾಜಿನಲ್ಲಿ ಸಾಯಲು ಬಿದ್ದ ಬ್ಯಾಟರಿಯ ಕಾರೊಂದನ್ನು, ಹೊಳೆಯುವ ಸೀಟು ತೋರಿಸಿ, ನನಗೆ ಮಾರಿತು. ಈಗ ಅದರ ಜೋಡಿ ಗಾಡಿಯನ್ನು ಬರುವ ಸೋಮವಾರ ಹೊನ್ನಾವರದಲ್ಲಿ ಇನ್ನೊಬ್ಬರಿಗೆ ಮಾರಲು ಹೊರಟಿದೆ. ನನ್ನ ಗಾಡಿಯ ತಕರಾರು ಗ್ರಾಹಕರ ವೇದಿಕೆಯಲ್ಲಿದೆ, ಅದು ಅಲ್ಲೇ ತೀರ್ಮಾನವಾಗಲಿ. ಸೋಮವಾರದ ವಿಷಯಕ್ಕೆ ಮಾತ್ರ ಅಷ್ಟು ಸಮಯವಿಲ್ಲ. ಕಚೇರಿಗೆ ಕೊಟ್ಟ ಎರಡು ಅರ್ಜಿಗಳಿಗೂ ಉತ್ತರ ಬಾರದ ಕಾರಣ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ಓದುಗರಿಗೆ ಹಿನ್ನೆಲೆ ಗೊತ್ತಿರಲಿ. ನಾಲ್ಕು ವರ್ಷದ ಹಿಂದೆ, 2005ರಲ್ಲಿ, ಕರಾವಳಿಯ ಒಂದು ಯೋಜನೆಗೆ ಬಂದ ವಿದೇಶಿ ತಜ್ಞರು ತಮ್ಮೊಂದಿಗೆ ಎರಡು ಹೈಬ್ರಿಡ್ ಗಾಡಿಗಳನ್ನು ತಂದಿದ್ದರು. ಜೀಪಿನ ಎತ್ತರ, ಕಾರಿನ ಮೆತ್ತಗಿನ ಓಟ. ಪೆಟ್ರೋಲ್ ಎಂಜಿನ್ ಒಂದು ಕಡೆ, ಹಿಂದಿನ ಸೀಟಿನ ಕೆಳಗೆ ದೊಡ್ಡ ಬ್ಯಾಟರಿ ಇನ್ನೊಂದು ಕಡೆ; ಎರಡೂ ಸೇರಿ ಎಳೆಯುತ್ತವೆ. ತಜ್ಞರು ಬೇಗನೆ ಊರಿಗೆ ಮರಳಿದರು, ಗಾಡಿಗಳು ಕಚೇರಿಗೆ ಉಳಿದವು. ಕಚೇರಿ ಅವನ್ನು ಎಷ್ಟು ಪ್ರೀತಿಯಿಂದ ಕಂಡಿತೆಂದರೆ, ಸೀಟಿಗೆ ಕಂಪನಿಯಿಂದ ಬಂದ ತೆಳು ಪ್ಲಾಸ್ಟಿಕ್ ಹೊದಿಕೆಯನ್ನು ಕೀಳಲಿಲ್ಲ. ಹೊಸ ವಸ್ತುವಿನ ಪ್ಲಾಸ್ಟಿಕ್ ಕಿತ್ತರೆ ಅದು ಹಳೆಯದಾಗುತ್ತದೆ ಎಂಬ ನಂಬಿಕೆ ನಮ್ಮೆಲ್ಲರ ಮನೆಗಳಲ್ಲೂ ಇದೆ. ಟಿವಿಯ ರಿಮೋಟನ್ನು ಇಂದಿಗೂ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಒತ್ತುವವರು ನಾವು. ಕಚೇರಿ ಒಂದು ಹೆಜ್ಜೆ ಮುಂದೆ ಹೋಯಿತು. ಮಳೆಗಾಲದ ಕೆಸರುಗಾಲು ತಗಲಬಾರದೆಂದು ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಸನ್ನು ಅಳತೆ ಕೊಟ್ಟು ಹೊಲಿಸಿ, ಸೀಟಿನಿಂದ ನೆಲದವರೆಗೆ ಬಿಗಿದು ಕಟ್ಟಿತು.

ಹರಾಜಿನ ದಿನ ತಮ್ಮ ಗುಮಾಸ್ತರು ಆ ಹಾಸಿನ ಮೇಲೆ ಕೈ ಬಡಿದು ಹೇಳಿದ ಮಾತು ನನಗೆ ಬಾಯಿಪಾಠ ಬರುತ್ತದೆ. “ನೋಡ್ರಿ, ಸೀಟಿನ ಪ್ಲಾಸ್ಟಿಕ್ಕೂ ತೆಗೀಲಿಲ್ಲ ನಾವು. ಮದ್ವೆ ಸೀರೆ ಪೆಟ್ಟಿಗೆಲಿ ಇಟ್ಟಾಂಗೆ ಇಟ್ಟಿದ್ದು!” ನೆರೆದವರೆಲ್ಲ ತಲೆಯಾಡಿಸಿದರು, ನಾನೂ ಆಡಿಸಿದೆ. ಕುಮಟಾ ರೈಲು ನಿಲ್ದಾಣದ ಎದುರು ಹದಿನಾಲ್ಕು ವರ್ಷ ಬಾಡಿಗೆಗೆ ಓಡಿಸಿದ ಡೀಸೆಲ್ ಅಂಬಾಸಿಡರನ್ನು ಮಾರಿ ಮೂರು ಲಕ್ಷಕ್ಕೆ ಕೂಗಿದೆ. ಎಂಜಿನ್ ಚಾಲೂ ಮಾಡಿ ತೋರಿಸಿದರು. ಅಂಗಳದಲ್ಲಿ ಒಂದು ಸುತ್ತೂ ಹೊಡೆಸಿದರು. ಬ್ಯಾಟರಿಯ ತಪಾಸಣೆ ಆಗಿದೆಯೇ ಎಂದು ಕೇಳಿದ್ದಕ್ಕೆ ಮುಂದಿನ ಬಾನೆಟ್ ಎತ್ತಿ, ದೀಪ ಮತ್ತು ಹಾರನ್ನಿಗೆ ಇರುವ ಚಿಕ್ಕ ಬ್ಯಾಟರಿಯನ್ನು ತೋರಿಸಿ, “ಹೋದ ತಿಂಗ್ಳು ಹೊಸ್ತು ಹಾಕಿದ್ದು” ಎಂದರು. ಗಾಡಿಯನ್ನು ಎಳೆಯುವ ಬ್ಯಾಟರಿ ಬೇರೆ ಇದೆ ಎಂಬುದು ಅದನ್ನು ನಾಲ್ಕು ವರ್ಷ ಸಾಕಿದ ಕಚೇರಿಗೆ ತಿಳಿದಿರಲಿಲ್ಲವೇ? ತಿಳಿದಿದ್ದೂ ಹೇಳಲಿಲ್ಲವೇ? ಎರಡರಲ್ಲಿ ಯಾವುದು ಕಚೇರಿಗೆ ಹೆಚ್ಚು ಗೌರವ ತರುತ್ತದೆ, ತಾವೇ ಆರಿಸಿಕೊಳ್ಳಿ.

ಮೇ ತಿಂಗಳ ಮೊದಲ ವಾರ ನಮ್ಮ ಹಿರೇಗುತ್ತಿಯ ಸಣ್ಣಮ್ಮನನ್ನು ಕಣ್ಣಿನ ಶಸ್ತ್ರಚಿಕಿತ್ಸೆಗೆ ಮಣಿಪಾಲಕ್ಕೆ ಕರೆದೊಯ್ಯುತ್ತಿದ್ದೆ. ಜೊತೆಗೆ ಅವಳ ಮಗಳು ಗಂಗಿ. ಹೊನ್ನಾವರದ ಶರಾವತಿ ಸೇತುವೆಯ ನಡುಮಧ್ಯದಲ್ಲಿ ಮುಂದಿನ ಫಲಕದ ದೀಪಗಳೆಲ್ಲ ಒಮ್ಮೆಲೇ ಹೊತ್ತಿಕೊಂಡವು, ಗಾಡಿ ನಿಂತಿತು. ಹಿಂದೆ ಲಾರಿಗಳ ಸಾಲು, ಹಾರನ್ನಿನ ಗಲಾಟೆ. ಗಂಗಿ ಇಳಿದು ಕೈಬೀಸಿ ವಾಹನಗಳನ್ನು ಪಕ್ಕಕ್ಕೆ ಕಳಿಸುತ್ತಿದ್ದಳು. ಸಣ್ಣಮ್ಮ ಒಳಗಿಂದಲೇ ಕೂಗಿದಳು:

“ಎಂತ ಆತಾ ನಿತ್ಯಾ?”

“ನೋಡ್ತೆ ಸಣ್ಣಮ್ಮ, ಸ್ವಲ್ಪ ತಡಿ.”

“ನಿನ್ನ ಅಂಬಾಸಿಡರು ಕೆಮ್ಮತಾ ಕೆಮ್ಮತಾ ಆದ್ರೂ ಮಣಿಪಾಲ ಮುಟ್ಟಿಸ್ತಿತ್ತಲಾ. ಇದು ನೋಡು, ಹೊಳಿ ನೋಡೂಕೆ ನಿಂತದೆ!”

ಆ ದಿನ ಅವಳ ಶಸ್ತ್ರಚಿಕಿತ್ಸೆ ತಪ್ಪಿತು. ಮುಂದಿನ ಸರದಿ ಸಿಗುವವರೆಗೆ ಗಂಗಿ ತಾಯಿಯನ್ನು ಕೈಹಿಡಿದು ಬಾವಿಕಟ್ಟೆಗೆ ಕರೆದುಕೊಂಡು ಹೋಗಬೇಕಾಯಿತು. ತಮ್ಮ ಹರಾಜಿನ ಷರತ್ತುಗಳಲ್ಲಿ ಇದಕ್ಕೆ ಯಾವ ಕಲಮಿದೆ?

ಗಾಡಿಯನ್ನು ಲಾರಿಗೆ ಹೇರಿ ಭಟ್ಕಳದ ಬಳಿಯ ಹೆಬಳೆಗೆ ಒಯ್ದೆ. ಅಲ್ಲಿ ಗ್ಯಾರೇಜು ಇಟ್ಟಿರುವ ಶಿವ ನಾಯ್ಕರು ಹತ್ತು ವರ್ಷ ದುಬೈಯಲ್ಲಿ ದುಡಿದವರು, ಇಂಥ ಗಾಡಿಗಳ ದುರಸ್ತಿ ಕಲಿಯಲು ಕಂಪನಿಯೇ ಅವರನ್ನು ಶಿಬಿರಕ್ಕೆ ಕಳಿಸಿತ್ತಂತೆ. ಹಿಂದಿನ ಬಾಗಿಲು ತೆರೆದವರೇ ನನ್ನತ್ತ ತಿರುಗಿ ನಗಲು ಶುರು ಮಾಡಿದರು.

“ನಾಯಕ್ರೆ, ಇದೆಂತ ಮಾಡಿಟ್ಟಿರಿ? ಈ ಗಾಡಿಗೆ ಮೂಗು ಇರೂದು ಇಲ್ಲಿ, ಸೀಟಿನ ಕೆಳಗೆ. ಬ್ಯಾಟರಿ ಇಲ್ಲಿಂದ್ಲೇ ಗಾಳಿ ಎಳೀಬೇಕು. ದುಬೈಯಲ್ಲಿ ಮರಳು ಹೋಗಿ ಮೂಗು ಕಟ್ಟೂದು ನೋಡಿದ್ದೆ. ಪ್ಲಾಸ್ಟಿಕ್ ಹೊಲ್ಸಿ ಕಟ್ಟೂದು ಈಗ್ಲೇ ನೋಡಿದ್ದು ಮಾರಾಯ್ರೆ!”

ನಾಲ್ಕು ಬೇಸಿಗೆ ಉಸಿರಿಲ್ಲದೆ ಕುದಿದ ಬ್ಯಾಟರಿ ಸತ್ತುಹೋಗಿತ್ತು. ಗಾಳಿಕಿಂಡಿಯ ಪಕ್ಕದಲ್ಲೇ ಹಳದಿ ಚೀಟಿಯೊಂದು ಅಂಟಿದೆ. ಕಿಂಡಿಯನ್ನು ಮುಚ್ಚಬಾರದು ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗಿದೆ, ಪಕ್ಕದಲ್ಲಿ ಚಿತ್ರವೂ ಇದೆ. ಹಾಸು ಪಾರದರ್ಶಕ, ಆದ್ದರಿಂದ ಆ ಎಚ್ಚರಿಕೆ ಪ್ಲಾಸ್ಟಿಕ್ಕಿನ ಹಿಂದಿನಿಂದ ನಾಲ್ಕು ವರ್ಷವೂ ಸ್ಪಷ್ಟವಾಗಿ ಕಾಣುತ್ತಿತ್ತು. ಎಷ್ಟು ಅಧಿಕಾರಿಗಳು ಆ ಸೀಟಿನಲ್ಲಿ ಕುಳಿತು ತಪಾಸಣೆಗೆ ಹೋಗಿರಬಹುದು? ಒಬ್ಬರ ಕಣ್ಣೂ ಕೆಳಗೆ ಹೋಗಲಿಲ್ಲವೇ?

ಸೋಮವಾರ ಕೂಗಲು ಹೋಗುವವರ ತಿಳಿವಳಿಕೆಗೆ ಇನ್ನಷ್ಟು ಹೇಳುತ್ತೇನೆ. ಇದನ್ನು ತಮ್ಮ ಪ್ರಕಟಣೆಯೇ ಹೇಳಬೇಕಿತ್ತು. ದೊಡ್ಡ ಬ್ಯಾಟರಿ ಭಾರತದಲ್ಲಿ ಸಿಗುವುದಿಲ್ಲ. ಹೊರಗಿನಿಂದ ತರಿಸಿದರೆ ಸುಂಕ ಸೇರಿ ಎರಡೂವರೆ ಲಕ್ಷ, ಅಂದರೆ ನಾನು ಗಾಡಿಗೆ ಕೊಟ್ಟಿದ್ದಕ್ಕಿಂತ ಸ್ವಲ್ಪವೇ ಕಡಿಮೆ. ಅದರ ಗಾಳಿ ಫ್ಯಾನಿನಲ್ಲಿ ಧೂಳು ತುಂಬಿದರೆ ಬಿಚ್ಚಿ ತೊಳೆಯಲು ಹೆಚ್ಚು ಖರ್ಚಿಲ್ಲ, ಆದರೆ ವರ್ಷಕ್ಕೊಮ್ಮೆ ತೊಳೆಯಲೇಬೇಕು. ಬ್ಯಾಟರಿಯ ವಿದ್ಯುತ್ತನ್ನು ಮೋಟರಿಗೆ ಹದಗೊಳಿಸುವ ಪೆಟ್ಟಿಗೆಯನ್ನು ತಂಪಾಗಿಡಲು ಪುಟ್ಟ ನೀರಿನ ಪಂಪು ಇದೆ. ಅದು ನಿಂತರೆ ಹದಿನೈದು ಸಾವಿರ. ನಿಂತದ್ದು ತಿಳಿಯದೆ ಓಡಿಸಿದರೆ ಪೆಟ್ಟಿಗೆಯೇ ಸುಟ್ಟು ಲಕ್ಷ ದಾಟುತ್ತದೆ. ಬ್ರೇಕ್ ಕೂಡ ಕಂಪ್ಯೂಟರಿನ ಅಧೀನ, ಕೆಟ್ಟರೆ ನಮ್ಮ ಕಡೆ ಬಿಚ್ಚುವವರು ಕಡಿಮೆ. ಕಿತ್ತಳೆ ಬಣ್ಣದ ದಪ್ಪ ವೈರುಗಳನ್ನು ಇಲಿ ಕಡಿದರೆ ಊರಿನ ಎಲೆಕ್ಟ್ರಿಷಿಯನ್ ಮುಟ್ಟಲೇಬಾರದು, ಜೀವಕ್ಕೆ ಅಪಾಯ. ಗಾಡಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಗಾಳಿ ಬಿಟ್ಟು ಸಾಕಿದವರಿಗೆ ಚೆನ್ನಾಗಿಯೇ ಬಾಳುತ್ತದೆಂದು ಶಿವ ನಾಯ್ಕರೂ ಒಪ್ಪುತ್ತಾರೆ.

ಗ್ರಾಹಕರ ವೇದಿಕೆಗೆ ತಮ್ಮ ಕಚೇರಿ ಕೊಟ್ಟ ಉತ್ತರವನ್ನು ಓದಿದೆ. ವಾಹನವನ್ನು “ಇದ್ದ ಸ್ಥಿತಿಯಲ್ಲಿ” ಮಾರಲಾಗಿದೆ, ಖರೀದಿದಾರರೂ ಪ್ಲಾಸ್ಟಿಕ್ ಹಾಸನ್ನು ತೆಗೆದಿಲ್ಲ, ಆದ್ದರಿಂದ ಹೊಣೆ ಅವರದೇ ಎಂದು ಬರೆದಿದ್ದೀರಿ. ಸರಿ. ನನ್ನ ಕೈಯಲ್ಲಿ ಅದು ಎರಡು ವಾರ ಇತ್ತು, ತಮ್ಮ ಕೈಯಲ್ಲಿ ನಾಲ್ಕು ವರ್ಷ. ಮೇಲಾಗಿ ಆ ಹಾಸನ್ನೇ ಗಾಡಿಯ ಗುಣವೆಂದು ತೋರಿಸಿ ದರ ಏರಿಸಿದವರು ಯಾರು? ಮಾರುವಾಗ ಅಲಂಕಾರವಾಗಿದ್ದದ್ದು ದೂರು ಬಂದಾಗ ಖರೀದಿದಾರನ ತಪ್ಪಾಗುವುದು ಯಾವ ನಿಯಮದಿಂದ?

ಈಗ ಸೋಮ ಗೌಡರ ಮಾತು. ಹೊನ್ನಾವರದಲ್ಲಿ ಟೆಂಪೋ ಓಡಿಸುವ ಇವರು ಎರಡನೆಯ ಗಾಡಿಯ ಮೇಲೆ ಆಸೆ ಇಟ್ಟಿದ್ದಾರೆ. ಮನೆ ನಡೆಯುವುದು ಆ ಟೆಂಪೋದಿಂದಲೇ. ಹರಾಜಿನ ದುಡ್ಡಿಗಾಗಿ ಅದನ್ನೇ ಮಾರುತ್ತಾರೆ, ಕೊಳ್ಳುವವನು ಭಾನುವಾರ ಬರುತ್ತಾನೆ. ನಾನು ಹೋಗಿ ಎಲ್ಲವನ್ನೂ ಹೇಳಿದೆ. ಅವರು ಬೀಡಿ ಆರಿಸಿ ನನ್ನ ಮುಖವನ್ನೇ ನೋಡಿದರು.

“ನಾಯಕ್ರೆ, ನಾ ಬಿಟ್ರೆ ಕಡ್ಮೆ ದರಕ್ಕೆ ಎರಡ್ನೇದೂ ನೀವೇ ಹೊಡೂಕೆ ನೋಡ್ತ್ರಿ, ಅಲ್ದ?”

“ಒಂದೇ ಸಾಕಾತು ಗೌಡ್ರೆ. ನನ್ನ ಗಾಡಿ ನೋಡೂಕೆ ಹೆಬಳೆಗೆ ಬನ್ನಿ.”

“ನಿಮ್ದು ನೀವೇ ಹಾಳು ಮಾಡಿದ್ದಾಗಿರೂಕೂ ಸಾಕು. ಇದು ನಾನೇ ನೋಡಿ ಬಂದೆ, ಪ್ಲಾಸ್ಟಿಕ್ ಸಮೇತ ಹೊಸ್ತು ಇದ್ದಾಂಗೆ ಅದೆ. ಸರ್ಕಾರದವ್ರೇ ಇದು ಹಾಳಾದ್ದು ಅಂತ ಹೇಳ್ಲಿ, ಆಗ ಬಿಡ್ತೆ.”

ಅವರ ಮೇಲೆ ನನಗೆ ಸಿಟ್ಟಿಲ್ಲ. ಅದೇ ಹಾಸನ್ನು ನೋಡಿ ಅದೇ ಮಾತನ್ನು ನಾನೂ ಆಡಿದ್ದೆ. ಪಕ್ಕದ ಊರಿನವನ ಅನುಭವಕ್ಕಿಂತ ತಮ್ಮ ಕಚೇರಿಯ ಮೊಹರನ್ನು ಹೆಚ್ಚು ನಂಬುವ ಜನ ಇನ್ನೂ ಈ ಜಿಲ್ಲೆಯಲ್ಲಿದ್ದಾರೆ ಎಂಬುದು ತಮಗೆ ಸಂತೋಷದ ಸುದ್ದಿಯಾಗಬೇಕು. ಆ ನಂಬಿಕೆಯನ್ನು ಸೋಮವಾರ ಎಷ್ಟಕ್ಕೆ ಹರಾಜು ಹಾಕುತ್ತೀರಿ?

ನನ್ನ ಬೇಡಿಕೆಗೆ ಮಂತ್ರಿಗಳ ಒಪ್ಪಿಗೆಯೂ ಬೇಡ, ಹೊಸ ಸುತ್ತೋಲೆಯೂ ಬೇಡ. ಭಾನುವಾರಕ್ಕೆ ಮೊದಲು, ಸೋಮ ಗೌಡರನ್ನೂ ಕೂಗಲು ಬರುವ ಉಳಿದವರನ್ನೂ ಕರೆದು, ಅವರ ಎದುರಿಗೇ ಆ ಹಾಸನ್ನು ಕತ್ತರಿಸಿ ಕಿಂಡಿಯನ್ನು ತೋರಿಸಿ. ಬ್ಯಾಟರಿಗೆ ಪೂರ್ತಿ ಭಾರ ಬೀಳುವಂತೆ ಐದು ಜನರನ್ನು ಕೂರಿಸಿ, ಎಸಿ ಹಾಕಿ, ಕುಮಟಾಕ್ಕೆ ಹೋಗಿ ಬನ್ನಿ. ಆ ಐವರಲ್ಲಿ ತಾವೂ ಒಬ್ಬರಾಗಿರಿ. ಗಾಡಿ ಮರಳಿ ಬಂದರೆ ಗೌಡರು ನೆಮ್ಮದಿಯಿಂದ ಕೂಗಲಿ, ನಾನು ಇದೇ ಪತ್ರಿಕೆಯಲ್ಲಿ ತಮ್ಮ ಕ್ಷಮೆ ಕೇಳುತ್ತೇನೆ. ದಾರಿಯಲ್ಲೇ ನಿಂತರೆ ಅವರ ಟೆಂಪೋ ಅವರಿಗೇ ಉಳಿಯುತ್ತದೆ.

ಕಚೇರಿಯಲ್ಲಿ ಕತ್ತರಿ ಇಲ್ಲದಿದ್ದರೆ ತಿಳಿಸಿ, ತರುತ್ತೇನೆ. ಬಸ್ಸಿನಲ್ಲಿ ಬರಬೇಕಾದ್ದರಿಂದ ಸ್ವಲ್ಪ ತಡವಾಗಬಹುದು.

ಇಂತಿ,
ಸೀಟು ನೋಡಿ ಗಾಡಿ ಕೊಂಡ
ನಿತ್ಯಾನಂದ ನಾಯಕ,
ಹಿರೇಗುತ್ತಿ