ಅಕ್ಕನ ಗಂಟಲಲ್ಲೇ ನಿಂತ ಹನಿಗಳು

ಪ್ರಯೋಗಾಲಯ, ಮೇಲಿನ ಮಹಡಿ
ಗುರುವಾರ, ಊಟದ ಬಿಡುವು

ಪ್ರೀತಿಯ ಅಕ್ಕಾ,

ಕೆಮ್ಮು ಹೇಗಿದೆ, ದಮ್ಮು ಹೇಗಿದೆ? “ಚೆನ್ನಾಗಿದ್ದೀನಿ” ಅಂತ ಮಾತ್ರ ಬರೆಯಬೇಡ. ಶಾಲೆಯ ಮೆಟ್ಟಿಲ ಮಧ್ಯೆ ನಿಂತು ಗೋಡೆಯ ಚಾರ್ಟು ಓದುವ ನಾಟಕ ಆಡ್ತೀಯಂತೆ, ಭಾವ ಎಲ್ಲ ಹೇಳಿದ್ದಾರೆ. ಇನ್‌ಹೇಲರ್ ಪಂಪಿನ ಔಷಧಿ ಎಳೆದೂ ಎಳೆದೂ ಗಂಟಲು ಕಟ್ಟಿತೇ ಹೊರತು ಉಸಿರು ಸಲೀಸಾಗಲಿಲ್ಲ, ಇನ್ನು ಪಾಠ ಹೇಳೋದು ನನ್ನಿಂದ ಆಗಲ್ಲ ಅಂದೆಯಂತೆ. ಅದನ್ನು ಕೇಳಿದ ಮೇಲೆ ನನಗೆ ಬೇರೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

“ನನ್ನ ತಮ್ಮ ಕಂಪ್ಯೂಟರಿನಲ್ಲಿ ನೀರು ಚೆಲ್ತಾನೆ” ಅಂತ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗ್ತೀಯಲ್ಲ, ಅದು ನೀರಲ್ಲ ಮಾರಾಯ್ತಿ, ನಿನ್ನ ಪಂಪಿನಂಥದೇ ಪಂಪಿನ ತುಂತುರು. ಒತ್ತಿದ ಕೂಡಲೇ ಗಾಳಿಯ ಜೊತೆ ಹೊರಡುವ ಹನಿ ಎಷ್ಟು ದಪ್ಪ, ಎಷ್ಟು ವೇಗ, ಎಲ್ಲಿ ಹೋಗಿ ಕೂರುತ್ತೆ ಅಂತ ಲೆಕ್ಕ ಕಟ್ಟಿ ನೋಡೋದು. ದಪ್ಪ ಹನಿ, ಧಾವಂತದ ಹನಿ, ತಿರುವಿನಲ್ಲಿ ತಿರುಗಲಾರದೆ ಗಂಟಲಿಗೆ ಡಿಕ್ಕಿ. ಸಣ್ಣ ಹನಿ, ಸಾವಧಾನದ ಹನಿ ಶ್ವಾಸಕೋಶ ಸೇರುತ್ತೆ. ನಮ್ಮ ಲೆಕ್ಕದೊಳಗಿನ ಮನುಷ್ಯ ಒತ್ತುತ್ತಲೇ ಉಸಿರೆಳೆಯುವ, ತಾಳ ತಪ್ಪದ ಸಾಧು ಪ್ರಾಣಿ. ಅಂಥವರು ನಮ್ಮ ವಂಶದಲ್ಲೇ ಹುಟ್ಟಿಲ್ಲ ಅಂತ ಮೊನ್ನೆ ಹೊಳೆಯಿತು. ಮಕ್ಕಳ ನಾಟಕದ ತಾಲೀಮಿನ ವಿಡಿಯೋ ಕಳಿಸಿದ್ದೆಯಲ್ಲ, ಅದರ ಮೂಲೆಯಲ್ಲಿ ನೀನಿದ್ದೀಯ. ಪಂಪು ಬಾಯಿಗಿಟ್ಟೆ, ಒತ್ತಿದೆ, ತೆಗೆದೆ, “ಏಯ್ ಮಂತ್ರಿ, ಕಿರೀಟ ರಾಜಂದು, ಇಳಿಸು!” ಅಂದೆ, ಆಮೇಲೆ ಘನ ಗಾಂಭೀರ್ಯದಿಂದ ಉಸಿರೆಳೆದೆ!

ನಿನ್ನ ಅದೇ ತಾಳವನ್ನು ಲೆಕ್ಕಕ್ಕೆ ಹಾಕಿ ಕಂಪ್ಯೂಟರಿನಲ್ಲಿ ಓಡಿಸಿದೆ. ಪರದೆಯ ಮೇಲೆ ಹನಿಗಳೆಲ್ಲ ನಾಲಿಗೆ, ಗಂಟಲಲ್ಲೇ ಠಿಕಾಣಿ ಹೂಡಿದವು, ಕೆಳಗಿಳಿದದ್ದು ಬೆರಳೆಣಿಕೆ. ನಮ್ಮ ಮುಖ್ಯಸ್ಥೆ ಇಣುಕಿ, “ಯಾರ್ರೀ ಇವರು, ಔಷಧಿ ಬಾಯಲ್ಲಿಟ್ಕೊಂಡು ಭಾಷಣ ಬಿಗಿಯೋರು?” ಅಂದರು. “ನಮ್ಮಕ್ಕ ಮೇಡಂ, ಟೀಚರು.” ನಗುತ್ತಾರೆ ಅಂದುಕೊಂಡೆ. “ನಮ್ಮಮ್ಮನೂ ಹೀಗೇ ಕಣ್ರೀ” ಅಂತ ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. ಪಂಪಿಗೂ ಬಾಯಿಗೂ ನಡುವೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ ಸೇರಿಸಿ ಇಬ್ಬರೂ ಮತ್ತೆ ಓಡಿಸಿದೆವು. ದಪ್ಪ ಹನಿಗಳು ಕೊಳವೆಯ ಗೋಡೆಗೇ ಅಂಟಿಕೊಂಡವು. ಉಳಿದವು ಸೊರಗಿ, ಸೊಕ್ಕಿಳಿದು, ನೀನು ಉಸಿರೆಳೆಯುವ ತನಕ ತುಸು ಹೊತ್ತು ಕಾದು, ನೆಟ್ಟಗೆ ಒಳಗಿಳಿದವು. ಮುಖ್ಯಸ್ಥೆ ಅಲ್ಲಿಂದಲೇ ತಮ್ಮ ಅಮ್ಮನಿಗೆ ಫೋನ್ ಮಾಡಿದರು. ನಾನು ಪೆನ್ನು ಹಿಡಿದೆ. ಫೋನಿನಲ್ಲಿ ನೀನು ನನಗೆ ಬಾಯಿ ಬಿಡಲು ಬಿಟ್ಟರೆ ತಾನೆ?

ಭಾವನಿಗೆ ನಮಸ್ಕಾರ, ಮಗಳಿಗೆ ಮುದ್ದು, ನಿನಗೆ ಎರಡರ ಜೊತೆ ಒಂದಿಷ್ಟು ಗದರಿಕೆ.

ನಿನ್ನ ಪ್ರಾಸಪೀಡಿತ ತಮ್ಮ

ತಾ.ಕ.: ಸೋಮವಾರ ಹೆಡ್‌ಮಾಸ್ಟರಿಗೆ ಕೆಲಸ ಬಿಡ್ತೀನಿ ಅಂತ ಹೇಳಲು ಹೊರಟಿದ್ದೀಯಂತೆ. ಹೇಳಬೇಡ. ಔಷಧಿ ಸೋತಿಲ್ಲ ಅಕ್ಕಾ, ಅದು ನಿನ್ನನ್ನು ಇನ್ನೂ ತಲುಪಿಯೇ ಇಲ್ಲ. ಶನಿವಾರ ಬರ್ತೀನಿ, ನಿನ್ನ ಡಾಕ್ಟರ ಎದುರಿಗೇ ಕೊಳವೆ ಹಿಡಿಯೋದು ಕಲಿಯೋಣ. ಎಳೆದ ಮೇಲೆ ಸ್ವಲ್ಪ ಹೊತ್ತು ಉಸಿರು ಕಟ್ಟಿ ಸುಮ್ಮನಿರಬೇಕು. ಅಷ್ಟು ಹೊತ್ತು ನಾನು ಮಾತಾಡ್ತೀನಿ. ಈ ಜನ್ಮದಲ್ಲಿ ನನಗೆ ಸಿಗುವ ಅವಕಾಶ ಅದೊಂದೇ.